ಯಾವ ವಿದ್ಯೆಗೆ ಎಷ್ಟು ಉತ್ಪತ್ತಿ? — ಸಣ್ಣ ಹಿಡುವಳಿಯ ಮನೆಗೊಂದು ಲೆಕ್ಕ

ಮೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ಕಡೆ ಎರಡು ಕೆಲಸಗಳು ಒಟ್ಟಿಗೆ ಬರುತ್ತವೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಮೊದಲ ಸುತ್ತಿನ ಬೋರ್ಡೋ ಹೊಡೆಸುವುದು ಒಂದು, ಪಿ.ಯು.ಸಿ. ಮುಗಿಸಿದ ಮಕ್ಕಳನ್ನು ಎಲ್ಲಿಗೆ ಸೇರಿಸುವುದೆಂದು ತೀರ್ಮಾನಿಸುವುದು ಇನ್ನೊಂದು. ಮೊದಲನೆಯದಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಅಳತೆ ಎಲ್ಲರಿಗೂ ಬಾಯಿಪಾಠ. ಎರಡನೆಯದಕ್ಕೆ ಅಂಥ ಅಳತೆ ಯಾರ ಬಳಿಯೂ ಇಲ್ಲ. ಆದ್ದರಿಂದ ನಿವೃತ್ತ ಗಣಿತ ಮೇಷ್ಟರಾದ ನನ್ನಂಥವರ ಜಗಲಿಗೆ ಆ ದಿನಗಳಲ್ಲಿ ಜನ ಬರುತ್ತಾರೆ. ಕವಳ ಹಾಕಿ, ಮಳೆಯ ಮಾತಾಡಿ, ಕೊನೆಗೆ ಕೇಳುವ ಪ್ರಶ್ನೆ ಒಂದೇ: “ಮೇಷ್ಟ್ರೇ, ಈಗ ಯಾವ ಓದಿಗೆ ರೇಟಿದೆ?”

ಚಾಲಿಯ ಧಾರಣೆ ಕೇಳುವ ಧ್ವನಿಯಲ್ಲೇ ಈ ಪ್ರಶ್ನೆ ಬರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ವಿದ್ಯೆಯನ್ನು ದುಡ್ಡಿನಿಂದ ಅಳೆಯಬಾರದೆಂದು ಸಭೆಗಳಲ್ಲಿ ಭಾಷಣ ಮಾಡುವವರಿದ್ದಾರೆ. ಎರಡೆಕರೆ ತೋಟದ ಮೇಲೆ ಸಾಲ ತೆಗೆದು ಮಗಳ ಫೀಸು ಕಟ್ಟುವ ತಂದೆಗೆ ಆ ಭಾಷಣದಿಂದ ಉಪಯೋಗವಿಲ್ಲ. ಅವನು ಲೆಕ್ಕ ಹಾಕಲೇಬೇಕು. ಆದರೆ ನಾವು ಹಾಕುವ ಲೆಕ್ಕ ಸರಿಯಾದದ್ದೇ ಎಂಬುದು ಈ ಲೇಖನದ ವಿಷಯ. ನನ್ನ ಮನೆಯಲ್ಲಿಯೇ ಅದನ್ನು ತಪ್ಪು ಹಾಕಿದ ಅನುಭವ ನನಗಿರುವುದರಿಂದ ಸದಸ್ಯ ಬಾಂಧವರ ಮುಂದೆ ಇದನ್ನು ಇಡುವ ಧೈರ್ಯ ಮಾಡಿದ್ದೇನೆ.

ಮೊದಲು ಧಾರಣೆಯ ಮಾತು. ವೆನಿಲಾದ ಕಾಲವನ್ನು ನಮ್ಮಲ್ಲಿ ಬಹಳ ಜನ ಮರೆತಿರಲಾರರು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿಯ ಬೆಳೆ ಹಾಳಾಯಿತು. ಮಾರುಕಟ್ಟೆಯಲ್ಲಿ ಬೆಲೆ ಏರತೊಡಗಿತು. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಗಳ ಲೆಕ್ಕದಲ್ಲಿ ಬೆಲೆ ಬಂದು, ರಾತ್ರಿ ಬಂದೂಕು ಹಿಡಿದು ತೋಟ ಕಾಯುವ ಹಾಗಾಯಿತು. ಅದನ್ನು ನೋಡಿ ಬಳ್ಳಿ ನೆಟ್ಟವರೇ ಹೆಚ್ಚು. ಬಳ್ಳಿ ಹೂ ಬಿಡಲು ಮೂರು ವರ್ಷ ಬೇಕು. ಮೂರು ವರ್ಷ ಕಳೆದು, ಒಂದೊಂದೇ ಹೂವಿಗೆ ಕಡ್ಡಿಯಿಂದ ಪರಾಗ ಮುಟ್ಟಿಸಿ, ಕೋಡು ಕೈಗೆ ಬರುವ ಹೊತ್ತಿಗೆ ಮಡಗಾಸ್ಕರಿನ ಬಳ್ಳಿಗಳು ಚಿಗುರಿಕೊಂಡಿದ್ದವು. ಕೊಯ್ದ ಕೂಲಿ ಹುಟ್ಟದ ಬೆಲೆಗೆ ನಮ್ಮ ಕೋಡು ಬಿತ್ತು.

ಓದಿನ ವಿಷಯವೂ ಇಂಥದ್ದೇ ಬೆಳೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಮೆರಿಕದ ರಿಚರ್ಡ್ ಫ್ರೀಮನ್ ಎಂಬವರು 1976ರಲ್ಲಿ ಆ ದೇಶದ ಇಂಜಿನಿಯರುಗಳ ಸಂಖ್ಯೆ ಮತ್ತು ಆರಂಭದ ಸಂಬಳಗಳನ್ನು ಪರಿಶೀಲಿಸಿದರು. ಸಂಬಳ ಹೆಚ್ಚಿದ್ದ ವರ್ಷ ಹೆಚ್ಚು ಹುಡುಗರು ಸೇರುತ್ತಾರೆ. ನಾಲ್ಕು ವರ್ಷ ಬಿಟ್ಟು ಅವರೆಲ್ಲ ಒಟ್ಟಿಗೆ ಹೊರಬಂದು ಸಂಬಳ ಇಳಿಯುತ್ತದೆ. ಇಳಿದದ್ದನ್ನು ನೋಡಿ ಮುಂದಿನವರು ಹಿಂಜರಿಯುತ್ತಾರೆ. ಅವರ ಕಾಲಕ್ಕೆ ಜನ ಸಾಲದೆ ಸಂಬಳ ಮತ್ತೆ ಏರುತ್ತದೆ. ಏರಿಳಿತದ ಈ ಗೆರೆಗಳನ್ನು ಕಾಗದದ ಮೇಲೆ ಎಳೆದರೆ ಜೇಡರ ಬಲೆಯಂತೆ ಕಾಣುವುದರಿಂದ ಅದಕ್ಕೆ ಅದೇ ಹೆಸರು ಬಂದಿದೆ. ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ವೆನಿಲಾ, ಅವರ ಇಂಜಿನಿಯರು, ಅಷ್ಟೇ ವ್ಯತ್ಯಾಸ.

ನಮ್ಮ ರಾಜ್ಯದಲ್ಲಿಯೂ ಇದು ನಡೆದಿದೆ. 1998ರಲ್ಲಿ ಕಂಪ್ಯೂಟರಿನ ಹೆಸರು ಕೇಳಿ ಇಂಜಿನಿಯರಿಂಗ್ ಸೇರಿದವರು ಹೊರಬಂದದ್ದು 2002ರಲ್ಲಿ. ಅಷ್ಟರಲ್ಲಿ ಅಮೆರಿಕದ ಕಂಪನಿಗಳು ಕುಸಿದು ಇಲ್ಲಿಯ ನೇಮಕಾತಿ ಬತ್ತಿಹೋಗಿತ್ತು. “ಇನ್ನು ಈ ಓದಿಗೆ ಕಾಲವಿಲ್ಲ” ಎಂದು ಊರೆಲ್ಲ ಹೇಳುತ್ತಿದ್ದ 2003ರಲ್ಲಿ ಸೇರಿದವರಿಗೆ 2007ರಲ್ಲಿ ಕಾಲೇಜಿನ ಅಂಗಳಕ್ಕೇ ಕೆಲಸ ಬಂತು. 2005ರಲ್ಲಿ ಸೇರಿದವರು 2009ರ ಮುಗ್ಗಟ್ಟಿಗೆ ಸಿಕ್ಕಿದರು. 2023ರಲ್ಲಿಯೂ ದೊಡ್ಡ ಕಂಪನಿಗಳು ಕಾಲೇಜಿಗೆ ಬಂದು ಆರಿಸುವುದನ್ನು ಬಹಳ ಕಡಿಮೆ ಮಾಡಿದವು. ಓದಿದ ವಿಷಯ ಒಂದೇ, ಓದಿದ ಶ್ರಮವೂ ಸರಿಸುಮಾರು ಒಂದೇ. ಫಸಲು ಬಂದ ವರ್ಷ ಬೇರೆ.

ಇಷ್ಟು ಬೇಗ ತಿರುಗದೆ ಒಂದೆರಡು ತಲೆಮಾರು ನಿಂತ ಧಾರಣೆಗಳೂ ಉಂಟು. ದಕ್ಷಿಣ ಕನ್ನಡದಲ್ಲಿ ವಾಣಿಜ್ಯಶಾಸ್ತ್ರಕ್ಕೆ ಇದ್ದ ಬೆಲೆ ಅಂಥದ್ದು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದವು. ಕಾರ್ಪೊರೇಷನ್, ವಿಜಯ ಬ್ಯಾಂಕುಗಳೂ ಆ ಜಿಲ್ಲೆಯವೇ. 1969ರ ರಾಷ್ಟ್ರೀಕರಣದ ತರುವಾಯ ಹಳ್ಳಿಹಳ್ಳಿಗೂ ಶಾಖೆ ತೆರೆದಾಗ ಲೆಕ್ಕಪತ್ರ ಕಲಿತ ಕರಾವಳಿಯ ಹುಡುಗರು ದೇಶದ ಮೂಲೆಮೂಲೆಗೆ ಹೋದರು. ಅವರು ಕಳಿಸಿದ ಹಣದಿಂದ ಬಾವಿ ತೋಡಿಸಿ ಅಡಿಕೆ ಇಟ್ಟ ಮನೆಗಳು ಕರಾವಳಿಯಲ್ಲಿ ಇವೆ. ಆ ಬಾಗಿಲೂ ಕ್ರಮೇಣ ಕಿರಿದಾಯಿತು. ಕಂಪ್ಯೂಟರ್ ಬಂತು, 2000–01ರಲ್ಲಿ ಬ್ಯಾಂಕುಗಳೇ ನೌಕರರಿಗೆ ಸ್ವಯಂನಿವೃತ್ತಿ ಕೊಟ್ಟು ಮನೆಗೆ ಕಳಿಸಿದವು, 2019ರಲ್ಲಿ ವಿಜಯ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರೂ ಉಳಿಯಲಿಲ್ಲ.

ಹಾಗಾದರೆ ವಿಷಯ ಯಾವುದಾದರೂ ಒಂದೇ, ಎಲ್ಲ ಅದೃಷ್ಟವೆಂದು ಕೈಬಿಡಬೇಕೆ? ಹಾಗೂ ಅಲ್ಲ. ಇಲ್ಲಿ ನಾರ್ವೆ ದೇಶದ ಒಂದು ಅಧ್ಯಯನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅಷ್ಟು ದೂರದ ಊರು ಏಕೆಂದರೆ, ಅಲ್ಲಿಯ ಸೀಟು ಹಂಚುವ ಕ್ರಮ ನಮ್ಮ ಸಿ.ಇ.ಟಿ.ಯನ್ನು ಬಹಳ ಹೋಲುತ್ತದೆ. ವಿದ್ಯಾರ್ಥಿಗಳು ತಮಗೆ ಬೇಕಾದ ವಿಷಯ ಮತ್ತು ಕಾಲೇಜುಗಳನ್ನು ಮೊದಲನೆಯದು, ಎರಡನೆಯದು ಎಂದು ಸಾಲಾಗಿ ಬರೆದು ಕೊಡುತ್ತಾರೆ. ಅಂಕದ ಮೇಲೆ ಒಂದೇ ಕಡೆಯಿಂದ ಸೀಟು ಹಂಚಿಕೆಯಾಗುತ್ತದೆ. ಕಿರ್ಕೆಬೋಯೆನ್, ಲ್ಯೂವೆನ್, ಮೊಗ್‌ಸ್ಟಾಡ್ ಎಂಬ ಮೂವರು ಇದನ್ನು ಉಪಯೋಗಿಸಿ 2016ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ಉಪಾಯ ಸರಳವಾದದ್ದು. ಒಂದು ವಿಷಯಕ್ಕೆ ಕೂದಲೆಳೆಯಲ್ಲಿ ಸೀಟು ಸಿಕ್ಕಿದವರನ್ನೂ ಕೂದಲೆಳೆಯಲ್ಲಿ ತಪ್ಪಿ ಎರಡನೆಯ ಆಯ್ಕೆಗೆ ಹೋದವರನ್ನೂ ಹೋಲಿಸಿದರು. ಈ ಎರಡು ಗುಂಪಿನವರ ಬುದ್ಧಿಯಲ್ಲಿ ಹೆಚ್ಚು ಕಡಿಮೆ ಇಲ್ಲ. ಒಂದೇ ಸಾಲಿನ ಎರಡು ಮರಗಳಿಗೆ ಬೇರೆ ಬೇರೆ ಗೊಬ್ಬರ ಹಾಕಿ ನೋಡಿದಂತೆ. ಬರಿದೆ “ಡಾಕ್ಟರರು ಹೆಚ್ಚು ಗಳಿಸುತ್ತಾರೆ” ಎಂದರೆ, ಓದಿನಿಂದ ಗಳಿಸಿದರೋ ಮೊದಲೇ ಬುದ್ಧಿವಂತರಾಗಿದ್ದರಿಂದ ಗಳಿಸಿದರೋ ತಿಳಿಯುವುದಿಲ್ಲ. ಈ ಹೋಲಿಕೆಯಿಂದ ಅದು ಬೇರೆಯಾಗುತ್ತದೆ.

ಅವರಿಗೆ ಕಂಡದ್ದರಲ್ಲಿ ಮೂರು ಮಾತು ನಮಗೆ ಬೇಕಾದದ್ದು. ವಿಷಯದಿಂದ ವಿಷಯಕ್ಕೆ ಆದಾಯದ ವ್ಯತ್ಯಾಸ ನಿಜವಾಗಿಯೂ ದೊಡ್ಡದು. ಅದರ ಮುಂದೆ ಕಾಲೇಜಿನ ಹೆಸರಿನಿಂದ ಆಗುವ ವ್ಯತ್ಯಾಸ ಚಿಕ್ಕದು. ಮೂರನೆಯದೇ ಮುಖ್ಯ: ಒಂದು ವಿಷಯದಿಂದ ಎಷ್ಟು ಲಾಭವೆಂದು ಅದೊಂದನ್ನೇ ಇಟ್ಟುಕೊಂಡು ಹೇಳಲಾಗುವುದಿಲ್ಲ, “ಯಾವುದನ್ನು ಬಿಟ್ಟು?” ಎಂದು ಕೇಳಬೇಕು. ಇಂಜಿನಿಯರಿಂಗ್ ಸಿಗದಿದ್ದರೆ ವಿಜ್ಞಾನ ಓದುತ್ತಿದ್ದವನಿಗೆ ಇಂಜಿನಿಯರಿಂಗಿನಿಂದ ಆದ ಲಾಭ ಬೇರೆ, ಅದು ಸಿಗದಿದ್ದರೆ ಮೇಷ್ಟರಾಗುತ್ತಿದ್ದವನಿಗೆ ಆದ ಲಾಭ ಬೇರೆ. ಒಟ್ಟಿನಲ್ಲಿ ಮಕ್ಕಳು ತಮ್ಮ ಕೈಗೆ ಒಗ್ಗುವುದನ್ನೇ ಮೊದಲ ಸಾಲಿನಲ್ಲಿ ಬರೆದಿರುತ್ತಾರೆ, ಅದೇ ಅವರಿಗೆ ಹೆಚ್ಚು ಗಳಿಕೆ ಕೊಡುತ್ತದೆ ಎಂಬ ಕಡೆಗೆ ಅವರ ಅಂಕಿಗಳು ಒಲಿಯುತ್ತವೆ.

ನಾರ್ವೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅಲ್ಲಿಯ ಮಕ್ಕಳು ಬೋಧನಾ ಶುಲ್ಕ ಕೊಡಬೇಕಾಗಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ನಮ್ಮಲ್ಲಿ ಒಂದೇ ವಿಷಯಕ್ಕೆ ಸರ್ಕಾರಿ ಸೀಟಿನ ಬೆಲೆ ಒಂದು, ಆಡಳಿತ ಮಂಡಳಿಯ ಸೀಟಿನ ಬೆಲೆ ಅದರ ಹಲವು ಪಾಲು. ಅದೇ ಗಿಡವನ್ನು ಹತ್ತು ಪಟ್ಟು ಬೆಲೆ ಕೊಟ್ಟು ತಂದರೆ ಫಲವೇನೂ ಹತ್ತು ಪಟ್ಟು ಬರುವುದಿಲ್ಲವಲ್ಲ.

ಈಗ ನನ್ನ ತಪ್ಪಿನ ಕಥೆ. ನನ್ನ ದೊಡ್ಡ ಮಗನಿಗೆ ಚಿಕ್ಕಂದಿನಿಂದ ದನಕರುವಿನ ಹುಚ್ಚು. ಕೊಟ್ಟಿಗೆಯಲ್ಲಿ ಹಸು ಈಯುವ ರಾತ್ರಿ ಅವನು ಮಲಗುತ್ತಿರಲಿಲ್ಲ. ಸಿ.ಇ.ಟಿ.ಯಲ್ಲಿ ಅವನಿಗೆ ದೂರದ ಊರಿನಲ್ಲಿ ಪಶುವೈದ್ಯಕೀಯಕ್ಕೆ ಸರ್ಕಾರಿ ಸೀಟು ಬಂತು. ಆ ವರ್ಷ ನಮ್ಮ ಕೇರಿಯ ಮೂರು ಹುಡುಗರು ಇಂಜಿನಿಯರಿಂಗ್ ಸೇರುತ್ತಿದ್ದರು. “ದನದ ಡಾಕ್ಟರಿಗೆ ಹೆಣ್ಣು ಯಾರು ಕೊಡುತ್ತಾರೆ?” ಎಂದು ಒಬ್ಬ ನೆಂಟರು ಕೇಳಿದ ಮಾತು ನನ್ನ ಕಿವಿಯಲ್ಲಿ ಕೂತಿತು. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವನು ಅವತ್ತು ಲೆಕ್ಕ ಹಾಕಲಿಲ್ಲ. ತೋಟ ಅಡವಿಟ್ಟು ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸಿಗೆ ಸೇರಿಸಿದೆ. ನಾಲ್ಕು ವರ್ಷದ ಓದನ್ನು ಅವನು ಆರು ವರ್ಷದಲ್ಲಿ ಮುಗಿಸಿದ. ಈಗ ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿ ಗ್ರಾಹಕರ ದೂರು ಕೇಳುವ ಕೆಲಸದಲ್ಲಿದ್ದಾನೆ. ನನ್ನನ್ನು ಒಂದು ದಿನವೂ ದೂರಿಲ್ಲ. ಹಬ್ಬಕ್ಕೆ ಬಂದರೆ ಚೀಲ ಜಗಲಿಯಲ್ಲಿಟ್ಟು ಮೊದಲು ಕೊಟ್ಟಿಗೆಗೆ ಹೋಗುತ್ತಾನೆ. ನಾನು ಅಷ್ಟು ಹೊತ್ತು ಒಳಗೇ ಇರುತ್ತೇನೆ.

“ಯಾವುದನ್ನು ಬಿಟ್ಟು?” ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ. ನಮ್ಮ ಹೋಬಳಿಯ ತುಂಬ ಹಸುಗಳಿವೆ, ಪಶುವೈದ್ಯರನ್ನು ಕರೆತರಲು ಇಂದಿಗೂ ಮೈಲಿಗಟ್ಟಲೆ ಹೋಗಬೇಕು. ಇಲ್ಲಿಯೇ ಸಣ್ಣ ಊರಿನ ಒಂದು ವಿಶೇಷವನ್ನು ಹೇಳಬೇಕು. ಪಟ್ಟಣದಲ್ಲಿ ಒಂದು ಕಸುಬಿಗೆ ನೂರು ಜನ ಸೇರಿದರೂ ನೂರೊಂದನೆಯವನಿಗೆ ಜಾಗ ಇದ್ದೀತು. ನಮ್ಮಂಥ ಕಡೆ ಮೊದಲನೆಯವನಿಗೆ ಕೈತುಂಬ ಕೆಲಸ, ಎರಡನೆಯವನಿಗೆ ಸಾಧಾರಣ, ಮೂರನೆಯವನು ಅಂಗಡಿ ಮುಚ್ಚಿ ಬಸ್ಸು ಹತ್ತಬೇಕು. ಜಿ.ಎಸ್.ಟಿ. ಲೆಕ್ಕ ಬರೆದುಕೊಡುವವರು, ಪಂಪು ರಿಪೇರಿಯವರು, ಔಷಧದ ಅಂಗಡಿಯ ಫಾರ್ಮಸಿ ಓದಿದವರು, ಸರ್ವೆ ಕಲಿತು ಗಡಿ ಅಳೆಯುವವರು ಎಲ್ಲರದೂ ಇದೇ ಪಾಡು. ಆದುದರಿಂದ ಪೇಪರಿನಲ್ಲಿ ಬರುವ ದೇಶದ ಸರಾಸರಿ ಸಂಬಳ ನಮ್ಮ ಊರಿನಲ್ಲಿ ಉಳಿಯಬೇಕೆನ್ನುವವನಿಗೆ ಹೆಚ್ಚು ಸಹಾಯಕ್ಕೆ ಬಾರದು. ತಾಲ್ಲೂಕಿನಲ್ಲಿ ಆ ಕೆಲಸ ಮಾಡುವವರು ಈಗ ಎಷ್ಟು ಮಂದಿ, ಅವರ ವಯಸ್ಸು ಎಷ್ಟು ಎಂದು ಬೆರಳೆಣಿಸಿ ನೋಡುವುದು ಮೇಲು. ನಮ್ಮ ಪೇಟೆಯ ಒಬ್ಬನೇ ಮೋಟಾರು ಸುತ್ತುವವನಿಗೆ ಎಪ್ಪತ್ತು ಸಮೀಪಿಸಿದೆ. ಅವನ ಬಳಿ ಕಲಿಯಲು ಯಾರೂ ಇಲ್ಲ. ಐ.ಟಿ.ಐ. ಎಂದರೆ ನಮ್ಮ ಮನೆಗಳಲ್ಲಿ ಇನ್ನೂ ಮುಖ ಸಿಂಡರಿಸುತ್ತಾರೆ.

ಕೊನೆಗೌಡರ ವಿಷಯವನ್ನೂ ಇದೇ ಜೊತೆಗೆ ಹೇಳಬಹುದು. ಮರ ಹತ್ತುವವರಿಲ್ಲದೆ ನಾವು ಪಡುವ ಪಾಡು ಗೊತ್ತಿರುವುದೇ. ಈಚೆಗೆ ಕಾರ್ಬನ್ ಫೈಬರಿನ ದೋಟಿ ಬಂದು ನೆಲದಲ್ಲಿ ನಿಂತೇ ಕೊನೆ ಇಳಿಸುವ, ಔಷಧಿ ಹೊಡೆಯುವ ಕೆಲಸವನ್ನು ಕೆಲವು ಯುವಕರು ಶಿಬಿರಗಳಲ್ಲಿ ಕಲಿತಿದ್ದಾರೆ. ಹಂಗಾಮಿನಲ್ಲಿ ಅವರ ದಿನ ಹಿಡಿಯಲು ಪದವೀಧರರು ಅವರ ಮನೆ ಬಾಗಿಲಿಗೆ ಹೋಗುತ್ತಾರೆ. ಕೆಲವೇ ದಿನಗಳ ಅಭ್ಯಾಸಕ್ಕೆ ಇಷ್ಟು ಬೇಡಿಕೆ ಬಂದದ್ದು ಕಲಿತವರು ಕಡಿಮೆ ಇರುವುದರಿಂದ. ವರ್ಷದಲ್ಲಿ ಅದು ಕೆಲವೇ ತಿಂಗಳ ಕೆಲಸವೆಂಬುದೂ ನಿಜ.

ಇನ್ನು ಮನೆಯ ಲೆಕ್ಕ. ಮಗನ ಸಂಬಳ ಬೇರೆ, ಮನೆಯ ಆದಾಯ ಬೇರೆ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗೆ ಇಟ್ಟುಕೊಂಡವು. ಕ್ರಮವನ್ನು ನೋಡಿ ನಿಮ್ಮ ಅಂಕಿ ತುಂಬಿಕೊಳ್ಳಿ. ಪದವಿ ಮುಗಿಸಿದವನಿಗೆ ಬೆಂಗಳೂರಿನಲ್ಲಿ ತಿಂಗಳಿಗೆ ಕೈಗೆ ರೂ. 35,000 ಬರುತ್ತದೆಂದು ಇಟ್ಟುಕೊಳ್ಳೋಣ. ಬಾಡಿಗೆ 9,000, ಊಟ 7,000, ಬಸ್ಸು-ಬಟ್ಟೆ-ಫೋನು 4,000, ಊರಿಗೆ ಬಂದು ಹೋಗಲು 2,000, ಓದಿನ ಸಾಲದ ಕಂತು 7,000 — ಒಟ್ಟು 29,000. ಉಳಿದದ್ದು 6,000. ಅವನು ಊರಿನಲ್ಲಿ ಇಲ್ಲದ ಕಾರಣ ಔಷಧಿ ಹೊಡೆಸಲು, ಕೊಯ್ಲು ನೋಡಲು, ಅಂಗಳದಲ್ಲಿ ಒಣಗಿದ್ದನ್ನು ತೂಗಿಸಲು ಬೇರೆಯವರನ್ನು ಇಟ್ಟದ್ದಕ್ಕೆ ವರ್ಷಕ್ಕೆ 60,000, ಅಂದರೆ ತಿಂಗಳಿಗೆ 5,000. ಮನೆಗೆ ನಿಂತದ್ದು ಒಂದು ಸಾವಿರ. ಇನ್ನೊಬ್ಬ ಡಿಪ್ಲೊಮಾ ಮಾಡಿ ತಾಲ್ಲೂಕು ಕೇಂದ್ರದಲ್ಲಿ 18,000ಕ್ಕೆ ಇದ್ದಾನೆ. ಪೆಟ್ರೋಲು 2,500, ಕೈಖರ್ಚು 3,000. ಊಟ ಮನೆಯದು, ಸಾಲವಿಲ್ಲ, ಬೆಳಿಗ್ಗೆ ಒಂದು ತಾಸು ಮತ್ತು ಭಾನುವಾರ ತೋಟಕ್ಕೆ. ಮನೆಗೆ ನಿಂತದ್ದು 12,500.

ಇಲ್ಲಿಗೆ ಲೆಕ್ಕ ನಿಲ್ಲಿಸಿ “ನೋಡಿದಿರಾ, ಊರೇ ಮೇಲು” ಎಂದರೆ ಅದೂ ಮೋಸ. ಮೊದಲನೆಯವನ ಸಂಬಳ ಹತ್ತು ವರ್ಷದಲ್ಲಿ ಲಕ್ಷ ಮುಟ್ಟಬಹುದು, ಎರಡನೆಯವನದು ಮೂವತ್ತು ಸಾವಿರಕ್ಕೆ ನಿಲ್ಲಬಹುದು. ಅಡಿಕೆ ಗಿಡವನ್ನು ಮೂರನೆಯ ವರ್ಷದಲ್ಲಿ ನೋಡಿ ಫಲವಿಲ್ಲವೆಂದು ಕಡಿಯುವವರುಂಟೆ? ಆದರೆ ಹತ್ತು ವರ್ಷದ ಹೊತ್ತಿಗೆ ಅವನಿಗೆ ಮದುವೆಯಾಗಿ, ಅಲ್ಲಿ ಮನೆಯ ಸಾಲವಾಗಿ, ಮಕ್ಕಳ ಶಾಲೆಯಾಗಿ, ಆ ಲಕ್ಷ ಅವನ ಸಂಸಾರಕ್ಕೇ ಬೇಕಾಗುತ್ತದೆ. ಅದು ನ್ಯಾಯವೂ ಹೌದು. ತೋಟ ಅಡವಿಡುವ ಮುನ್ನ ಅಪ್ಪ ತನ್ನನ್ನೇ ಕೇಳಿಕೊಳ್ಳಬೇಕಾದದ್ದು ಇಷ್ಟು: ನಾನು ಈ ದುಡ್ಡು ಹಾಕುತ್ತಿರುವುದು ಮಗನ ಬಾಳಿಗೋ, ನನ್ನ ತೋಟಕ್ಕೋ? ಎರಡಕ್ಕೂ ಎಂದು ಹೇಳಿಕೊಂಡು ಕಡೆಗೆ ಎರಡೂ ಕಡೆ ಮುನಿಸಿಕೊಂಡವರನ್ನು ನಾನು ಬಲ್ಲೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಹಿಡಿದು ಅಡಿಕೆ ಕೈಬಿಟ್ಟ ಮನೆಗಳಲ್ಲಿ ಉತ್ತರ ಸ್ಪಷ್ಟವಾಗಿತ್ತು. ಅಲ್ಲಿ ಮಕ್ಕಳ ಓದೇ ಎರಡನೆಯ ತೋಟವಾಯಿತು. ತೋಟ ಇನ್ನೂ ಕೈಹಿಡಿದಿರುವವರ ಉತ್ತರ ಅಷ್ಟು ಸುಲಭವಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕವನ್ನು ನಾವು ಹಾಕುವುದೇ ಇಲ್ಲ ಎಂಬುದು ನನ್ನ ದೂರು. ಮದುವೆಯವರೆಗೆ ಯಾವುದಾದರೂ ಒಂದು ಡಿಗ್ರಿ ಇರಲಿ ಎಂದು ಹತ್ತಿರದ ಕಾಲೇಜಿಗೆ ಹಾಕುತ್ತೇವೆ. ಅದೇ ಮಗಳು ನರ್ಸಿಂಗನ್ನೋ ಲೆಕ್ಕಶಾಸ್ತ್ರವನ್ನೋ ಕಲಿತಿದ್ದರೆ ಹೋದ ಊರಿನಲ್ಲಿ, ಆ ಊರು ಯಾವುದೇ ಆಗಲಿ, ಅವಳ ಕೈಯಲ್ಲೊಂದು ಕಸುಬಿರುತ್ತದೆ. ಎಲ್ಲಿಗೆ ಹೋಗಬೇಕಾದೀತೆಂದು ತಿಳಿಯದವಳಿಗೆ ಎಲ್ಲ ಕಡೆ ನಡೆಯುವ ನಾಣ್ಯ ಬೇಕು.

ಈವರೆಗೆ ಓದಿ ಹೊರಗೆ ಗಳಿಸುವ ಮಾತಾಯಿತು. ಓದು ತೋಟದ ಉತ್ಪತ್ತಿಯನ್ನೇ ಹೆಚ್ಚಿಸಿದ ಪ್ರಸಂಗಗಳು ನಮ್ಮ ಚರಿತ್ರೆಯಲ್ಲಿಯೇ ಇವೆ. ಕೆನಡಾದಲ್ಲಿ ಹುಟ್ಟಿದ ಲೆಸ್ಲಿ ಕೋಲ್‌ಮನ್ ಶಿಲೀಂಧ್ರ ಮತ್ತು ಕೀಟಗಳ ಶಾಸ್ತ್ರ ಬಲ್ಲವರಾಗಿ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಆಗ ಕೊಳೆರೋಗಕ್ಕೆ ಮಲೆನಾಡಿನವರಿಗೆ ಗೊತ್ತಿದ್ದ ಉಪಾಯ ಕೊನೆಗೆ ಕೊಟ್ಟೆ ಕಟ್ಟುವುದೊಂದೇ. ಕೋಲ್‌ಮನ್ ರೋಗದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ಅದರ ವಿಷಯ ಬರೆದರು, ಬೋರ್ಡೋ ದ್ರಾವಣ ಹೊಡೆಯುವುದನ್ನು ಬಳಕೆಗೆ ತಂದರು. ಆ ದ್ರಾವಣದ ಹುಟ್ಟೂ ಸ್ವಾರಸ್ಯವಾದದ್ದು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಬಳಿಯುತ್ತಿದ್ದರು. 1882ರಲ್ಲಿ ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದಿರುವುದು ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರ ಕಣ್ಣಿಗೆ ಬಿತ್ತು. 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. ಆ ದಾರಿಯಲ್ಲಿ ನಡೆದುಹೋದವರು ಎಷ್ಟೋ ಮಂದಿ. ನೋಡಿ ಅರ್ಥಮಾಡಿಕೊಳ್ಳುವ ಓದು ಇದ್ದವರು ಅವರೊಬ್ಬರು. ಬೋರ್ಡೋದಿಂದ ಉಳಿದ ಅಡಿಕೆಯ ಬೆಲೆ ಮಿಲಾರ್ಡೆಯ ಸಂಬಳದ ಪಟ್ಟಿಯಲ್ಲಿಯಾಗಲಿ ಕೋಲ್‌ಮನ್ನರ ಸಂಬಳದ ಪಟ್ಟಿಯಲ್ಲಿಯಾಗಲಿ ಸೇರಿಲ್ಲ. ಅದು ಬಂದದ್ದು ನಮ್ಮ ಅಜ್ಜಂದಿರ ಅಂಗಳಕ್ಕೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನೆ, ವಿಟ್ಲದ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ ಮಂಗಳ ತಳಿ ಇವೂ ಹಾಗೆಯೇ. ಈಗ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ದಾಟುತ್ತಿರುವಾಗ ಸಸ್ಯರೋಗ ಶಾಸ್ತ್ರ ಓದುವ ಹುಡುಗ ಹುಡುಗಿಯರು ನಮ್ಮ ಮನೆಗಳಿಂದ ಎಷ್ಟು ಮಂದಿ ಹೋಗುತ್ತಿದ್ದಾರೆಂದು ಯೋಚಿಸಬೇಕಾಗಿದೆ. ಕೃಷಿ ಪದವಿಗೆ ಬೆಳೆಗಾರರ ಮಕ್ಕಳಿಗೆಂದೇ ಒಂದು ಪಾಲು ಸೀಟುಗಳಿವೆ. ಅದಕ್ಕೆ ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಉಂಟು. ಪರಿಚಯದ ಮನೆಯ ಹುಡುಗನೊಬ್ಬನಿಗೆ ಪರೀಕ್ಷೆಯ ಹಿಂದಿನ ವಾರ ಯೂರಿಯಾ ಯಾವುದು, ಪೊಟ್ಯಾಷ್ ಯಾವುದು ಎಂದು ನಾನೇ ತೋರಿಸಿಕೊಡಬೇಕಾಯಿತು. ಎರಡೂ ಅವನ ಮನೆಯ ಅಟ್ಟದಲ್ಲಿಯೇ ಇದ್ದವು.

ಸಂಶೋಧಕರಾಗದೆ ತೋಟದಲ್ಲಿಯೇ ಉಳಿಯುವವನಿಗೆ ಓದಿನಿಂದ ಏನು? ಇದಕ್ಕೆ ಥಿಯೋಡರ್ ಶುಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞರು 1964ರ ತಮ್ಮ ಪುಸ್ತಕದಲ್ಲಿ ಉತ್ತರ ಕೊಟ್ಟಿದ್ದಾರೆ. 1979ರಲ್ಲಿ ಅವರಿಗೆ ನೊಬೆಲ್ ಬಂತು. ಏನೂ ಬದಲಾಗದ ಬೇಸಾಯದಲ್ಲಿ ಓದದ ರೈತನೂ ತನಗಿರುವುದನ್ನು ಚೆನ್ನಾಗಿಯೇ ಬಳಸುತ್ತಾನೆ. ಓದಿನ ಬೆಲೆ ತಿಳಿಯುವುದು ಬದಲಾವಣೆ ಬಂದಾಗ ಎಂಬುದು ಅವರ ವಾದದ ಸಾರ. 1996ರಲ್ಲಿ ಫಾಸ್ಟರ್ ಮತ್ತು ರೋಸೆನ್‌ಜ್ವೈಗ್ ನಮ್ಮ ದೇಶದ ಹಸಿರು ಕ್ರಾಂತಿಯ ಅಂಕಿಅಂಶಗಳನ್ನು ತೆಗೆದು ನೋಡಿದಾಗ, ಹೊಸ ತಳಿಗಳು ಒಗ್ಗಿದ ಪ್ರದೇಶಗಳಲ್ಲಿ ಪ್ರಾಥಮಿಕ ಶಾಲೆಯ ಓದಿಗೂ ಪ್ರತಿಫಲ ಹೆಚ್ಚಿದ್ದು ಕಂಡುಬಂತು.

ಕಾಫಿಯವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಬೆಳೆಗಾರ ಕಾಫಿಯನ್ನು ಒಪ್ಪಿಸಿ ಕಂತು ಕಂತಾಗಿ ಹಣ ಪಡೆಯುತ್ತಿದ್ದ. ಮಾರುವ ವಿದ್ಯೆ ಅವನಿಗೆ ಬೇಕಿರಲಿಲ್ಲ. 1992ರಿಂದ 1996ರೊಳಗೆ ಆ ಕಟ್ಟು ಹಂತ ಹಂತವಾಗಿ ಸಡಿಲಿ ಮಾರಾಟ ನಮ್ಮ ಕೈಗೆ ಬಂತು. ಅಂದಿನಿಂದ ಔಟ್‌ಟರ್ನ್ ತಿಳಿಯದವನು ಪ್ರತಿ ವರ್ಷ ದಂಡ ಕೊಡುತ್ತಿದ್ದಾನೆ. 50 ಕಿಲೋ ಚೆರಿ ಮೂಟೆಯಿಂದ ಎಷ್ಟು ಕಿಲೋ ಕಾಫಿ ಬೀಜ ಬರುತ್ತದೆಂಬುದರ ಮೇಲೆ ವ್ಯಾಪಾರಿ ಬೆಲೆ ಕಟ್ಟುತ್ತಾನೆ. ನಿಮ್ಮ ಚೆರಿಗೆ ನಿಜವಾಗಿ 26 ಬರುವಲ್ಲಿ ಅವನು 25 ಎಂದು ಬರೆದುಕೊಂಡರೆ, 40 ಮೂಟೆ ಕೊಟ್ಟವನು 40 ಕಿಲೋ ಬೀಜವನ್ನು ಬಿಟ್ಟಿ ಕೊಟ್ಟಂತಾಯಿತು. ಇದಕ್ಕೆ ಪದವಿ ಬೇಕಿಲ್ಲ. ಒಂದು ತಕ್ಕಡಿ, ಮಾದರಿ ತೆಗೆದು ಸುಲಿದು ತೂಗುವ ತಾಳ್ಮೆ, ಏಳನೆಯ ತರಗತಿಯ ಶೇಕಡಾ ಲೆಕ್ಕ ಸಾಕು. ನನ್ನ ತರಗತಿಯಲ್ಲಿ ಆ ಲೆಕ್ಕಕ್ಕೆ ಬೈಸಿಕೊಂಡ ಒಬ್ಬ ವಿದ್ಯಾರ್ಥಿ ಈಗ ತನ್ನ ಕೇರಿಯ ಕಾಫಿಯನ್ನೆಲ್ಲ ತಾನೇ ಔಟ್‌ಟರ್ನ್ ತೆಗೆದು, ಒಟ್ಟಾಗಿ ಮಾರಿಸಿಕೊಡುತ್ತಾನೆ. ಎಸ್.ಎಸ್.ಎಲ್.ಸಿ. ಎರಡು ಸಲ ನಪಾಸಾದವನು.

ಈ ಲೇಖನ ಬರೆಯುತ್ತಿದ್ದ ವಾರವೇ ಮೇಲಿನ ಮನೆಯವರು ಮಗಳನ್ನು ಕರೆದುಕೊಂಡು ಬಂದರು. ಆಪ್ಷನ್ ಎಂಟ್ರಿಗೆ ಎರಡು ದಿನ ಉಳಿದಿತ್ತು. ಅವರ ತೋಟ ನಮ್ಮದಕ್ಕಿಂತಲೂ ಸಣ್ಣದು, ಅರ್ಧ ಹೊಸ ಗಿಡ. ಒಂದು ಹಾಳೆ ತೆಗೆದು ಫೀಸು ಎಷ್ಟು, ವರ್ಷ ಎಷ್ಟು, ತಾಲ್ಲೂಕಿನಲ್ಲಿ ಆ ಕೆಲಸದವರು ಎಷ್ಟು ಮಂದಿ, ಅದು ಸಿಗದಿದ್ದರೆ ಏನು ಎಂದು ನಾಲ್ಕು ಅಂಕಣ ಗೆರೆ ಎಳೆದುಕೊಟ್ಟೆ. ಅಪ್ಪ ಮಗಳು ಜಗಲಿಯಲ್ಲಿ ಕೂತು ತುಂಬಿದರು. ಮಳೆ ಶುರುವಾಗಿ ಅವರಿಗೆ ಹೊರಡಲಾಗಲಿಲ್ಲ. ಹುಡುಗಿ ಮೊದಲ ಸಾಲಿನಲ್ಲಿ ಪಶುವೈದ್ಯಕೀಯ ಎಂದು ಬರೆದಳು, ಎರಡನೆಯದರಲ್ಲಿ ಅಪ್ಪ ಹೇಳಿದ ಇಂಜಿನಿಯರಿಂಗ್. ಅವರು ಹಾಳೆಯನ್ನು ನೋಡಿ, ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವಾಗಿದ್ದರೆ?” ಎಂದರು. ನಾನು ಒಳಗೆ ಹೋಗಿ ಮಗನ ಹಳೆಯ ಸೀಟಿನ ಪತ್ರವನ್ನು ತಂದು ಅವರ ಕೈಗೆ ಕೊಟ್ಟೆ.